ನೀರು ಎಲ್ಲಿಮಟ ಬಂದಿದ್ವು?

ನಮ್ಮ ಹಳ್ಳದ ಓಣಿಯಲ್ಲಿ ಮನೆ ಕಟ್ಟಿಸುವವರನ್ನು ಗೌಂಡಿ ಮೊದಲು ಕೇಳುವುದು ಬಾಗಿಲು ಯಾವ ದಿಕ್ಕಿಗೆ ಅಂತಲ್ಲ, ಹೋದ ಸಲ ನೀರು ಎಲ್ಲಿಯವರೆಗೆ ಬಂದಿತ್ತು ಅಂತ. ಹಿರೇಹಡಗಲಿಯ ಆಚೆ ಹೊಳೆ ತುಂಬಿದರೆ ನಮ್ಮ ಹಳ್ಳಕ್ಕೆ ಮುಂದೆ ದಾರಿ ಸಿಗುವುದಿಲ್ಲ. ಹಿಂದಕ್ಕೆ ತಿರುಗಿ ಓಣಿಗೆ ಬರುತ್ತದೆ. ಬರುವುದು ಮೆಲ್ಲಗೆ, ಹೋಗುವುದು ಇನ್ನೂ ಮೆಲ್ಲಗೆ, ಬೀಗರ ಹಾಗೆ.

ಹಂಪಮ್ಮನ ಸೊಸೆ ಯಶೋಧರಾ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಹಳೆಯ ಮಣ್ಣಿನ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಬೇಕೆಂದು ಅವಳೂ ಗಂಡನೂ ನಿಶ್ಚಯಿಸಿದ್ದರು. ಪಾಯ ನೀರಿಗೆ ಸಿಗದಷ್ಟು ಎತ್ತರ ಇರಬೇಕು, ಅದೊಂದೇ ಅವಳ ಹಟ.

ಹಂಪಮ್ಮನ ಹಟ ಬೇರೆ. ಹಳೆಯ ಮನೆಯ ಮುಂದೆ ಒಂದು ಕಲ್ಲಿನ ಕಟ್ಟೆ. ಇಳಿಹೊತ್ತಾದರೆ ದ್ಯಾಮಕ್ಕ, ಗುಲ್ಜಾರ್ ಬೀ ಅಲ್ಲಿಗೆ ಬಂದು ಕೂರುತ್ತಾರೆ. ಎಲೆ ಅಡಿಕೆ ಹಾಕುವುದು, ಹುಣಸೆಹಣ್ಣು ಬಿಡಿಸುವುದು, ಊರವರ ಸುದ್ದಿ ಬಿಡಿಸುವುದು ಎಲ್ಲ ಅಲ್ಲೇ. ಇಬ್ಬರಿಗೂ ಮೊಣಕಾಲು ನೋವು. ಮನೆ ಮೇಲಕ್ಕೇರಿದರೆ ಅವರು ಬರುವುದು ನಿಂತ ಹಾಗೆಯೇ. ಅದಕ್ಕೇ ಮೂವರೂ ಮೊದಲೇ ಕೂಡಿ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದರು.

ಗೌಂಡಿ ಕಮಾಲಸಾಬ ದಾರ, ಟೇಪು ಹಿಡಿದು ಬಂದಾಗ ಮೂವರೂ ಕಟ್ಟೆಯ ಮೇಲೆ ಇದ್ದರು. ಗುಲ್ಜಾರ್ ಬೀ ಇವನ ಹೆಂಡತಿಯೇ.

"ಹಂಪಕ್ಕ, ಹೋದ ಸಲ ನೀರು ಎಲ್ಲಿಮಟ ಬಂದಿದ್ವು?"

"ಪಾದ ತೊಯ್ದಿದ್ವು. ಅಷ್ಟ."

"ಹೌದ್ರಿ, ನನ್ನ ಕಾಲುಂಗುರನೂ ಸರಿಯಾಗಿ ತೊಯ್ಲಿಲ್ಲ," ಎಂದಳು ದ್ಯಾಮಕ್ಕ.

ಕಮಾಲಸಾಬ ಹೆಂಡತಿಯತ್ತ ತಿರುಗಿದ. "ನೀ ಏನಂತಿ?"

"ಪಾದ ಅಂದ್ರ ಪಾದ. ಎಷ್ಟು ಸಲ ಹೇಳ್ಬೇಕು?"

ಅವನು ಟೇಪನ್ನು ಕೆಳಗಿಟ್ಟ. "ಹಂಗಾರ ಅವತ್ತು ನಿನ್ನ ಬೆನ್ನಮ್ಯಾಲೆ ಹೊತ್ಕೊಂಡು ಕನ್ನಡ ಸಾಲಿಮಟ ಯಾಕ ಹೋದೆ ನಾನು? ನನ್ನ ನಡ ಇನ್ನೂ ಹಿಡಕೊಂಡೈತಿ!"

ಗುಲ್ಜಾರ್ ಬೀ ಸೆರಗು ಸರಿಮಾಡಿಕೊಂಡಳು. "ಹೊರ್ರಿ ಅಂತ ನಾ ಹೇಳಿದ್ನೇನು? ಪ್ರೀತಿ ಬಂದಿರ್ಬೇಕು ಅನ್ಕೊಂಡೆ."

ದ್ಯಾಮಕ್ಕನಿಗೆ ನಗು ತಡೆಯಲಾಗದೆ ಬಾಯಲ್ಲಿನ ಅಡಿಕೆ ಹೊರಗೆ ಬಿತ್ತು. ಹಂಪಮ್ಮ ಮಾತ್ರ ನಗಲಿಲ್ಲ. "ಪಾದ," ಎಂದಳು ಮತ್ತೆ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಯಶೋಧರಾ ಅತ್ತೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಉಳಿದವರೂ ಹಿಂದೆ ಬಂದರು. ಗೋಡೆಯಲ್ಲಿ ಒಂದು ಖಾಲಿ ಗೂಡು, ಅದರ ಮೇಲೆ ಮೊಳೆಗೆ ಬಾಬಾಸಾಹೇಬರ ಫೋಟೋ.

"ಅತ್ತಿ, ಈ ಫೋಟೋ ಮೊದಲು ಗೂಡಿನಾಗ ಇತ್ತು. ಮೊಳಿಗೆ ಯಾಕ ಏರಿಸಿದ್ರಿ? ಅವರ ಮುಂದ ನಿಂತು ಹೇಳ್ರಿ."

ಹಂಪಮ್ಮ ಯಾರ ಮುಂದೆ ಬೇಕಾದರೂ ಸುಳ್ಳು ಹೇಳಿಯಾಳು, ಅಲ್ಲಿ ಆಗಲಿಲ್ಲ. "ಗೂಡಿನ ಬುಡಕ್ಕ ಬಂದಿದ್ವು," ಎಂದಳು. "ಫೋಟೋ ತಲಿಮ್ಯಾಲೆ ಇಟ್ಕೊಂಡು ಹೊಂಟಿದ್ದೆ. ಆದ್ರ ಯಶೋಧರಾ, ಮನಿ ಅಷ್ಟು ಎತ್ತರ ಆದ್ರ ಇವರು ಹತ್ತಂಗಿಲ್ಲ, ನಾ ಇಳಿಯಂಗಿಲ್ಲ. ಒಣಗಿದ ಮನಿಯಾಗ ಒಬ್ಬಾಕಿನೇ ಕುಂತು ಏನು ಮಾಡ್ಲಿ?"

ಯಶೋಧರಾ ದ್ಯಾಮಕ್ಕ, ಗುಲ್ಜಾರ್ ಬೀಯರ ಮೊಣಕಾಲಿನತ್ತ ನೋಡಿದಳು. ಮೆಟ್ಟಿಲು ಹತ್ತಬ್ಯಾಡ್ರಿ ಎಂದು ಆಸ್ಪತ್ರೆಗೆ ಬಂದ ಈ ಇಬ್ಬರಿಗೂ ಹೇಳಿ ಕಳಿಸಿದವಳು ಅವಳೇ.

ಕಮಾಲಸಾಬ ಗೂಡಿನ ಬುಡಕ್ಕೆ ಟೇಪು ಹಿಡಿದು ಅಳೆದ. ಆಮೇಲೆ ಬಾಗಿಲಿಗೆ ಹೋಗಿ ಕಟ್ಟೆ ನೋಡಿದ. "ನೀರಂದ್ರ ಮನಿಗೆ ಅಂಜಿಕಿ, ಖರೆ. ನೀವು ಕುಂದ್ರೂ ಕಟ್ಟಿಗೆ ಯಾತರ ಅಂಜಿಕಿ? ಅದು ಕಲ್ಲು, ತೊಯ್ದ್ರ ಒಣಗ್ತೈತಿ. ಮನಿ ಮ್ಯಾಲೆ ಹೋಗ್ಲಿ, ಕಟ್ಟಿ ಇದ್ದಲ್ಲೇ ಇರಲಿ."

"ಮತ್ತ ನಾ ಹತ್ತಿ ಇಳಿಯೂದು?"

"ಮೆಟ್ಲದ ಅಳತಿ ಟೇಪಿನ್ಯಾಗ ಇಲ್ಲ ಹಂಪಕ್ಕ, ನನ್ನ ಹೆಂಡ್ತಿ ಮೊಣಕಾಲಿನ್ಯಾಗ ಐತಿ."

ಪಾಯ ಎದ್ದ ಮೇಲೆ ಆಡಿದ ಹಾಗೇ ಮಾಡಿದ. ಇಟ್ಟಿಗೆ ಜೋಡಿಸಿ ಗುಲ್ಜಾರ್ ಬೀಯನ್ನು ಹತ್ತಿಸಿದ. ಆಕೆ "ಯಾ ಅಲ್ಲಾ" ಎಂದರೆ ಒಂದು ಸಾಲು ಇಟ್ಟಿಗೆ ತೆಗೆದ. ಗೊಣಗದೆ ಹತ್ತಿದಾಗ ಆ ಅಳತೆಯನ್ನೇ ಖಾಯಂ ಮಾಡಿದ. ಮೆಟ್ಟಿಲು ಅಗಲವಾಗಿ, ತಗ್ಗಾಗಿ, ಓಣಿಯ ಅರ್ಧಕ್ಕೆ ಬಂದವು. ಪಕ್ಕದಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಪೈಪು.

ಮುಂದಿನ ಮಳೆಗಾಲ ಹಳ್ಳ ತಿರುಗಿತು. ಮಧ್ಯಾಹ್ನದ ಹೊತ್ತಿಗೆ ಕಟ್ಟೆ ಮುಳುಗಿ ನೀರು ಮೆಟ್ಟಿಲೇರತೊಡಗಿತು. ದ್ಯಾಮಕ್ಕ ಎರಡು ಕೋಳಿ ಬಗಲಲ್ಲಿ ಇಟ್ಟುಕೊಂಡು, ಗುಲ್ಜಾರ್ ಬೀ ಪೈಪು ಹಿಡಿದುಕೊಂಡು ಅದಕ್ಕೂ ಮೊದಲೇ ಮೇಲೆ ಬಂದಿದ್ದರು. ಯಶೋಧರಾ ಮಂಡಕ್ಕಿ ಒಗ್ಗರಣೆ ಹಾಕಿದಳು. ಬಾಗಿಲಿಗೆ ಇನ್ನೂ ಎರಡು ಮೆಟ್ಟಿಲು ಇರುವಾಗ ನೀರು ನಿಂತಿತು.

"ಈ ಸಲ ಹೊರೂದು ತಪ್ಪಿತಪ್ಪ," ಎಂದ ಕಮಾಲಸಾಬ.

"ಪ್ರೀತಿ ಕಡಿಮಿ ಆತು ಅನ್ರಿ," ಎಂದಳು ಗುಲ್ಜಾರ್ ಬೀ.

"ಹಂಪಕ್ಕ, ಕಟ್ಟಿ ಕಾಣವಲ್ದು," ಎಂದು ದ್ಯಾಮಕ್ಕ ಇಣುಕಿದಳು.

"ಇರಲಿ ಬಿಡು. ತೊಳೀಬೇಕು ಅಂತ ಎಷ್ಟು ದಿನ ಆಗಿತ್ತು. ಹೊಳಿನೇ ತೊಳದು ಕೊಡ್ತೈತಿ."

ನೀರು ಇಳಿದಾಗ ಕಟ್ಟೆಯ ಮೇಲೆ ಗೇಣು ದಪ್ಪ ರಾಡಿ. ಹಂಪಮ್ಮ ಪೊರಕೆ ಹಿಡಿದು ಕೆಳಗಿಳಿದು ಹೊಳೆಯನ್ನು ಬೈಯುತ್ತಾ ಉಜ್ಜಿದಳು. ದ್ಯಾಮಕ್ಕ ನೀರು ಸುರಿದಳು. ಗುಲ್ಜಾರ್ ಬೀ ಎಲ್ಲಿ ಉಜ್ಜಬೇಕೆಂದು ಬೆರಳು ತೋರಿಸಿದಳು. ಕಲ್ಲು ಇನ್ನೂ ಹಸಿಯಾಗಿಯೇ ಇತ್ತು. ಮೂವರೂ ಗೋಣಿಚೀಲ ಹಾಸಿಕೊಂಡು ಕೂತು, ಎಲೆ ಅಡಿಕೆಯ ಚೀಲ ಬಿಚ್ಚಿದರು.