ದೊಡ್ಡವ್ವನ ಹೆಬ್ಬೆರಳು

ನಾನೊಂದು ಕೊಂಡಿ. ಬಾಗಿಲಿಗೆ ಹಾಕ್ತಾರಲ್ಲ, ಆ ಕೊಂಡಿ ಅಲ್ಲ. ಕಂಪ್ಯೂಟರಿನೊಳಗೆ ಕೂತಿರೋ ಪುಟ್ಟ ಪ್ರೋಗ್ರಾಮು. ನನ್ನ ಈಚೆಗೆ ಡಿಸೈನರ್ ಬಿಡಿಸಿದ ಮೊಬೈಲ್ ಆ್ಯಪಿನ ಚಿತ್ರ, ಆಚೆಗೆ ಆ ಚಿತ್ರದಂತೆ ಕೋಡ್ ಬರೆಯೋ ಎಐ ಏಜೆಂಟ್. ಇಲ್ಲಿನ ವಿಷಯ ಅಲ್ಲಿಗೆ ದಾಟಿಸೋದು ನನ್ನ ಕಸುಬು.

ನನ್ನನ್ನು ಹುಟ್ಟಿಸಿದವರು ಮಂಗಳೂರಿನ ರಘುವೀರ ಶೆಣೈ. ಹುಟ್ಟಿಸಿದ್ದೂ ಸಿಟ್ಟಿನಲ್ಲೇ! ಆಗೆಲ್ಲ ಏಜೆಂಟಿಗೆ ಬರೀ ಫೋಟೋ ತೋರಿಸಿ ಹೀಗೇ ಕಟ್ಟು ಅಂತಿದ್ದರು. ಅದು ಪಾಪ ಕಣ್ಣಂದಾಜಿನಲ್ಲೇ ಕಟ್ಟುತ್ತಿತ್ತು. ಅಳತೆ ತಗೊಳ್ಳದೆ ಅಂಗಿ ಹೊಲಿದರೆ ಏನಾಗುತ್ತೆ ಹೇಳಿ, ಹಾಗೇ ಆಗುತ್ತಿತ್ತು. ಶೆಣೈಯವರು ರೋಸಿಹೋಗಿ ನನ್ನನ್ನು ಬರೆದರು. ಯಾವುದರೊಳಗೆ ಯಾವುದಿದೆ, ನಡುವೆ ಎಷ್ಟು ಜಾಗ, ಯಾವ ಬಣ್ಣ, ಬಟನ್ನಿನಂಥ ಯಾವ ತುಂಡು ಕೋಡಿನಲ್ಲಿ ಮೊದಲೇ ಸಿದ್ಧವಿದೆ, ಎಲ್ಲವನ್ನೂ ನಾನು ಬಿಡಿಸಿ ಹೇಳ್ತೀನಿ. ಏಜೆಂಟ್ ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಳತೆ ಕೊಡೋರು ಬೇಡವೇ? ಜಂಬ ಅಂತೀರಾ, ಅನ್ನಿ.

ಯಾರು ಬೇಕಾದರೂ ಬಳಸಲಿ ಅಂತ ಶೆಣೈ ಬಿಟ್ಟುಕೊಟ್ಟರು. ಹಾಗೆ ಕೈಯಿಂದ ಕೈಗೆ ದಾಟುತ್ತಾ ಹುಬ್ಬಳ್ಳಿಗೆ ಬಂದೆ. ಗೋಕುಲ ರಸ್ತೆಯಲ್ಲಿ ಟಯರ್ ಅಂಗಡಿಯ ಮಹಡಿ ಮೇಲೊಂದು ಸಣ್ಣ ಆಫೀಸು. ಅಲ್ಲಿ ಚಿತ್ರ ಬಿಡಿಸೋಳು ಅನ್ನಪೂರ್ಣಾ ಹಂಚಿನಮನಿ, ಏಜೆಂಟಿನಿಂದ ಕೋಡ್ ಮಾಡಿಸೋನು ಮೆಹಬೂಬ ನದಾಫ. ಆಗ ಅವರು ಮಾಡುತ್ತಿದ್ದದ್ದು ಊರಿನ ಒಂದು ಡಯಾಲಿಸಿಸ್ ಕೇಂದ್ರದ ಆ್ಯಪು.

ಅನ್ನಪೂರ್ಣಾಗೆ ಒಂದು ಚಟ. ಬಿಡಿಸಿದ್ದನ್ನು ಅಳಿಸೋದಿಲ್ಲ, ಮರೆ ಮಾಡಿ ಇಡ್ತಾಳೆ. ಪಕ್ಕದಲ್ಲಿರೋ ಕಣ್ಣಿನ ಗುರುತು ಒತ್ತಿದರೆ ಸಾಕು, ಆ ಲೇಯರ್, ಅಂದರೆ ಚಿತ್ರದ ಆ ಪದರ, ಮಾಯ. ಡಿಸೈನರ್‌ಗಳೆಲ್ಲ ಹಾಗೇ ಅನ್ನಿ, ಬಿಸಾಡೋಕೆ ಮನಸ್ಸೇ ಬರಲ್ಲ. ನೋಡೋರಿಗೆ ಚಿತ್ರ ಚೊಕ್ಕ ಕಾಣುತ್ತೆ. ನನಗೆ ಮಾತ್ರ ಅಡಿಯಲ್ಲಿರೋದೂ ಕಾಣುತ್ತೆ.

ಅವಳನ್ನು ಸಾಕಿದ್ದು ದೊಡ್ಡವ್ವ ನೀಲವ್ವ. ಸಕ್ಕರೆ ಕಾಯಿಲೆ ಆಕೆಯ ಕಿಡ್ನಿ ತಿಂದಿತ್ತು, ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು. ಡಯಾಲಿಸಿಸ್‌ಗೆ ಹೋಗುತ್ತಿದ್ದದ್ದು ಅದೇ ಕೇಂದ್ರಕ್ಕೆ. ಅದರ ಹಳೇ ಆ್ಯಪಿನಲ್ಲಿ ಸರದಿಗೆ 'ಬರ್ತೀನಿ', 'ಬರಲ್ಲ' ಅನ್ನೋ ಎರಡು ಬಟನ್ ಒಂದಕ್ಕೊಂದು ಅಂಟಿಕೊಂಡಿದ್ದವು, ಅವೋ ಕಡಲೆಬೇಳೆಯಷ್ಟು. ಒಮ್ಮೆ ನೀಲವ್ವನ ಬೆರಳು ಜಾರಿ 'ಬರಲ್ಲ' ಮೇಲೆ ಬಿತ್ತು. ಆಕೆಯ ಸರದಿ ಇನ್ನೊಬ್ಬರಿಗೆ ಹೋಯಿತು. ಮೈ ಬಾತುಕೊಂಡು, ಉಸಿರು ಸಿಗದೆ ಒದ್ದಾಡಿಬಿಟ್ಟಳಂತೆ. ಆಮೇಲೆ ಅನ್ನಪೂರ್ಣಾಗೆ ಹೇಳಿದಳು: "ಪ್ರತಿ ಸಲ ಇನ್ನೊಬ್ಬರನ್ನ ಕರದು ಒತ್ತಸೂದು ಬ್ಯಾಡವ್ವಾ. ನಾನ ಒತ್ತೂ ಹಂಗ ಮಾಡು."

ಅನ್ನಪೂರ್ಣಾ ಏನು ಮಾಡಿದಳು ಗೊತ್ತೇ? ಕುಂಕುಮ ಕಲಸಿ ದೊಡ್ಡವ್ವನ ಹೆಬ್ಬೆರಳಿಗೆ ಹಚ್ಚಿ, ಫೋನು ಒತ್ತುವ ಹಾಗೇ ಕಾಗದದ ಮೇಲೆ ಮತ್ತೆ ಮತ್ತೆ ಒತ್ತಿಸಿದಳು. ಒಂದು ಗುರುತು ಇನ್ನೊಂದರ ಮೇಲೆ ಸರಿದು ಕೆಂಪು ಕಲೆ ಅಗಲವಾಯಿತು. ಅದರ ಫೋಟೋ ತೆಗೆದು ಚಿತ್ರದೊಳಗಿಟ್ಟು, ಕಲೆ ಪೂರ್ತಿ ಮುಚ್ಚುವಷ್ಟು ದೊಡ್ಡದಾಗಿ 'ಬರ್ತೀನಿ' ಬಟನ್ ಬಿಡಿಸಿದಳು. 'ಬರಲ್ಲ'ವನ್ನು ದೂರ ಕೆಳಗೆ ತಳ್ಳಿದಳು. ಕಲೆಯ ಲೇಯರಿಗೆ 'ದೊಡ್ಡವ್ವನ ಹೆಬ್ಬೆರಳು' ಅಂತ ಹೆಸರಿಟ್ಟು ಮರೆ ಮಾಡಿದಳು. ಹೀಗೆ ಅಳತೆ ತೆಗೆದೋರನ್ನು ನಾನು ಬೇರೆಲ್ಲೂ ಕಂಡಿಲ್ಲ. ಭೇಷ್ ಹುಡುಗಿ ಅಂದುಕೊಂಡೆ.

ಒಂದೇ ಎಡವಟ್ಟು. ಸಿದ್ಧ ಬಟನ್ ಒಂದನ್ನೇ ತಂದು ಹಿಗ್ಗಿಸಿದ್ದಳು, ಹೆಸರು ಬದಲಿಸೋದು ಮರೆತಿದ್ದಳು. ಹೆಸರಷ್ಟೇ ನೋಡಿದರೆ ಅದು ಕೋಡಿನಲ್ಲಿರೋ ಸಣ್ಣ ಸಿದ್ಧ ಬಟನ್ನೇ. ಕೇಂದ್ರದ ಡಾಕ್ಟರ ಮುಂದೆ ಮಾರನೇ ದಿನವೇ ಹೊಸ ಆ್ಯಪಿನ ಪರೀಕ್ಷೆ. ನೀಲವ್ವನೇ ಒತ್ತಿ ತೋರಿಸಬೇಕು. ಆಗದಿದ್ದರೆ ಹಳೇ ಆ್ಯಪೇ ಗತಿ ಅಂತ ಡಾಕ್ಟರು ಹೇಳಿಯಾಗಿತ್ತು. ಅನ್ನಪೂರ್ಣಾ ದೊಡ್ಡವ್ವನ ಜೊತೆ ಡಯಾಲಿಸಿಸ್‌ಗೆ ಹೋಗಿದ್ದಳು. ಇಲ್ಲಿ ಮೆಹಬೂಬ ಅವಸರದಲ್ಲಿ, ಎಲ್ಲಾ ಕಡೆ ಸಿದ್ಧ ತುಂಡುಗಳನ್ನೇ ಹಾಕು ಅಂತ ಏಜೆಂಟಿಗೆ ಹೇಳಿಬಿಟ್ಟ.

ಏಜೆಂಟ್ ಹೆಸರು ನೋಡಿ ಸಣ್ಣ ಬಟನ್‌ಗೆ ಕೈ ಹಾಕಿತು. ನಾನು ಸುಮ್ಮನಿರ್ತೀನಾ? ಹೆಸರು ಒಂದೇ, ಅಳತೆ ಬೇರೆ. ಅಡಿಯಲ್ಲಿ ಇಂಥ ಹೆಸರಿನ ಲೇಯರ್ ಇದೆ ಅಂತ ತಿಳಿಸಿದೆ. ಒಳ್ಳೇ ಏಜೆಂಟು ಅದು. ಊಹೆಗೆ ಹೋಗದೆ, ಯಾವುದನ್ನು ಹಾಕಲಿ ಅಂತ ಮೆಹಬೂಬನನ್ನೇ ಕೇಳಿತು.

ಇದೇನು ಹೊಸ ಕಿರಿಕಿರಿ ಅಂತ ಗೊಣಗುತ್ತಾ ಮೆಹಬೂಬ ಆ ಲೇಯರಿನ ಕಣ್ಣು ತೆರೆದ. ಕೆಂಪು ಕಲೆ ಕಾಣಿಸಿತು. ಹೆಸರು ಓದಿದ. ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟು ನೋಡಿದ. ಆಮೇಲೆ ಟೈಪ್ ಮಾಡಿದ: "ಚಿತ್ರದಾಗ ಇದ್ದಂಗ ಮಾಡು. ಯಾಕಂತನೂ ಬರದಿಡು." ಕೋಡಿನಲ್ಲಿ ಆ ಬಟನ್ ಪಕ್ಕ ಏಜೆಂಟ್ ಒಂದು ಸಾಲು ಸೇರಿಸಿತು: ಇದು ಸಣ್ಣದಾಗಬಾರದು, ದೊಡ್ಡವ್ವನ ಹೆಬ್ಬೆರಳು.

ಪರೀಕ್ಷೆಗೆ ನಾನು ಹೋಗಿರಲಿಲ್ಲ, ಮೆಹಬೂಬ ಬಂದು ಹೇಳಿದ್ದು ಕೇಳಿದೆ. ನೀಲವ್ವನ ಬೆರಳು ಆ ಕಡೆ ಈ ಕಡೆ ಓಡಾಡಿತಂತೆ, ಆದರೆ ಬಟನ್ ಬಿಟ್ಟು ಹೊರಗೆ ಹೋಗಲಿಲ್ಲವಂತೆ. ಸರದಿ ಗಟ್ಟಿಯಾಯಿತು. "ನೋಡ್ರಿ ಡಾಕ್ಟರ, ನಾನ ಒತ್ತೀನಿ" ಅಂದಳಂತೆ. ಆಫೀಸಿಗೆ ಬಂದವರಿಗೆಲ್ಲ ಮೆಹಬೂಬ ಈ ಕಥೆ ಹೇಳಿದ್ದೇ ಹೇಳಿದ್ದು. ಪ್ರತಿ ಸಲ ಕೇಳುವಾಗಲೂ ನನಗೆ ಖುಷಿಯಾಗುತ್ತಿತ್ತು.

ಈಗ ನನಗೆ ವಯಸ್ಸಾಯಿತು. ಹೊಸ ಕೊಂಡಿ ಬಂದಿದೆ, ಬಲು ಚುರುಕು. ಕಟ್ಟಿದ ಮೇಲೆ ಚಿತ್ರಕ್ಕೆ ಹೋಲಿಸಿಯೂ ನೋಡುತ್ತೆ. ಹೊಟ್ಟೆಕಿಚ್ಚಿಲ್ಲ. ಸರಿ, ಸ್ವಲ್ಪ ಇದೆ. ಅನ್ನಪೂರ್ಣಾಳ ಕಂಪ್ಯೂಟರಿನ ಮೂಲೆಯಲ್ಲಿ ಕೆಲಸವಿಲ್ಲದೆ ಕೂತಿದ್ದೀನಿ. ನನ್ನನ್ನು ಅಳಿಸಿಲ್ಲ, ಅವಳ ಚಟ ಗೊತ್ತಲ್ಲ.

ನೀಲವ್ವ ಹೋದ ವರ್ಷ ತೀರಿಕೊಂಡಳು. ಮೊನ್ನೆ ಆ್ಯಪನ್ನು ಹೊಸದಾಗಿ ಕಟ್ಟುವಾಗ ಹೊಸ ಏಜೆಂಟ್ ಆ ಹಳೇ ಸಾಲಿನ ಹತ್ತಿರ ನಿಂತು ಕೇಳಿತು: ಈ ದೊಡ್ಡವ್ವ ಈಗಲೂ ಆ್ಯಪ್ ಬಳಸುತ್ತಾರೆಯೇ? ಇಲ್ಲವಾದರೆ ಬಟನ್ ಸಣ್ಣದು ಮಾಡಬಹುದು.

ಅನ್ನಪೂರ್ಣಾ ಆ ಪ್ರಶ್ನೆಯನ್ನು ಮತ್ತೊಮ್ಮೆ ಓದಿದಳು. ಮೆಹಬೂಬ ಎದ್ದು ಬಂದು ಅವಳ ಕುರ್ಚಿಯ ಹಿಂದೆ ನಿಂತ. ಅವಳು ಕಣ್ಣೊರೆಸಿಕೊಂಡು ಟೈಪ್ ಮಾಡಿದಳು:

"ದೊಡ್ಡವ್ವ ಇಲ್ಲ. ಬೆರಳು ಇರಲಿ."