ಕುರೊಸೆಗೆ ಹಾಡಿಲ್ಲದ ದಿನ

"ಇವತ್ತು ಕುರೊಸೆಗೆ ಹಾಡಿಲ್ಲ," ಎಂದ ಒನುಮಾ, ಬಿಳಿ ಕೈಗವಸುಗಳನ್ನು ಬೆರಳು ಬೆರಳಿಗೂ ಎಳೆದು ಕೂರಿಸಿಕೊಳ್ಳುತ್ತ. "ಅವನು ಬ್ಯಾಟ್ ಹಿಡ್ಕೊಂಡು ಬಂದಾಗ ಡೋಲು ಕೆಳಗೆ, ತುತ್ತೂರಿ ಕೆಳಗೆ, ಬಾಯಿ ಬಂದ್. ನಮ್ಮ ಕೂಗಿಲ್ಲದೆ ಆಡೋದು ಹೇಗಿರುತ್ತೆ ಅಂತ ಒಂದ್ಸಲ ನೋಡ್ಲಿ. ಯಾರಿಗಾದ್ರೂ ಅಡ್ಡಿ ಇದ್ಯಾ? ಒಪ್ಪಿಗೆ ಇರೋರು ಕೈ ಎತ್ತಿ."

ಮತ್ಸುಯಾಮಾ ಕ್ರೀಡಾಂಗಣದ ಬಲಬದಿಯ ಗ್ಯಾಲರಿಯ ಕೆಳಗೆ, ನೂಡಲ್ಸ್ ಅಂಗಡಿಯ ಹಬೆ ಮುಖಕ್ಕೆ ರಾಚುವ ಓಣಿಯಲ್ಲಿ ಅವರೆಲ್ಲ ನಿಂತಿದ್ದರು. ಶಿರಾಸಗಿ ಬೇಸ್‌ಬಾಲ್ ತಂಡದ ಅಭಿಮಾನಿಗಳು, ಒಬ್ಬೊಬ್ಬ ಆಟಗಾರನಿಗೂ ಅವನದೇ ಹಾಡು ನುಡಿಸುವ ವಾದ್ಯದವರು. ಬಿಳಿ ಕೊಕ್ಕರೆಯ ಚಿತ್ರವಿರುವ ನೀಲಿ ಅಂಗಿ, ತೋಳಿಗೆ ಪಿನ್ನು ಹಾಕಿದ ಅನುಮತಿಯ ಪಟ್ಟಿ. ಆ ಪಟ್ಟಿ ಇದ್ದವರು ಮಾತ್ರ ಒಳಗೆ ವಾದ್ಯ ನುಡಿಸಬಹುದು. ಒಂದೊಂದಾಗಿ ಕೈಗಳು ಮೇಲೆದ್ದವು. ಮೊದಲ ತುತ್ತೂರಿ ಊದುವ ಹತ್ಸುಮಿಯೂ ಎತ್ತಿದಳು.

ಎತ್ತದೆ ಏನು ಮಾಡುತ್ತಾಳೆ? ನಿನ್ನೆಯ ಆಟವನ್ನು ಅವಳಿನ್ನೂ ಮರೆತಿರಲಿಲ್ಲ. ಗೆದ್ದೇ ಬಿಟ್ಟಿದ್ದ ಆಟ. ರನ್ನಿಗೆ ಓಡುವವರು ಮುಟ್ಟಬೇಕಾದ ಎರಡನೇ ಬೇಸು ಮೂರನೇ ಬೇಸುಗಳ ನಡುವೆ ನಿಲ್ಲುವ ಕುರೊಸೆ ಸುಲಭದ ಚೆಂಡೊಂದನ್ನು ಹಿಡಿದು, ಮೊದಲ ಬೇಸಿನವನ ತಲೆಯ ಮೇಲೆ ಹಾರಿಸಿ, ನೇರ ಪ್ರೇಕ್ಷಕರ ಮಡಿಲಿಗೆ ಎಸೆದಿದ್ದ. ಅದರ ಹಿಂದಿನ ದಿನವೂ ಅದೇ ಕಥೆ. ಹತ್ಸುಮಿಗೆ ಉಳಿದವರಿಗಿಂತ ಒಂದು ಪಾಲು ಹೆಚ್ಚೇ ಸಿಟ್ಟು, ಯಾಕೆಂದರೆ ಕುರೊಸೆಯ ಹಾಡು ಕಟ್ಟಿದವಳು ಅವಳು. ಫೆಬ್ರವರಿಯ ಚಳಿಯಲ್ಲಿ, ಜನರ ಹಾಸಿಗೆಗಳನ್ನು ತೊಳೆದುಕೊಡುವ ತನ್ನ ಅಂಗಡಿಯ ದೊಡ್ಡ ಯಂತ್ರಗಳು ಗಡಗಡ ತಿರುಗುವ ಸದ್ದಿನ ನಡುವೆ ಗುನುಗಿ ಗುನುಗಿ ಕಟ್ಟಿದ್ದು: ಮೂರು ಗಿಡ್ಡ ಸ್ವರ, ಒಂದು ಉದ್ದ ಸ್ವರ, 'ದ್ವೀಪದ ಗಾಳಿಯೇ, ಬೀಸು' ಎಂಬ ಸಾಲು. ಕಿತ್ತಳೆ ಬೆಳೆಯುವ ದ್ವೀಪದಿಂದ ಬಂದ ಇಪ್ಪತ್ತರ ಹುಡುಗನಿಗೆ ಇದಕ್ಕಿಂತ ಚೆಂದದ ಹಾಡು ಬೇಕೇ ಎಂದು ಆಗ ಒನುಮಾನೇ ಬೆನ್ನು ತಟ್ಟಿದ್ದ.

"ಅಕ್ಕ, ಇವತ್ತು ಸೋತ್ರೆ?" ಮೆಟ್ಟಿಲೇರುವಾಗ ಚಿಹಾರು ಕೇಳಿದಳು. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಆ ಹುಡುಗಿ ತಂಡದ ಎರಡನೇ ತುತ್ತೂರಿ. ವಾದ್ಯದ ಗುಂಪಿಗೆ ಬಂದು ಇದು ಮೊದಲ ವರ್ಷ.

"ಸೋತ್ರೆ ಇನ್ನೇನು, ಮಾರ್ಚ್‌ವರೆಗೆ ಮನೇಲಿ ಕೂತು ಗೋಡೆ ನೋಡೋದು."

ಅದು ಊರಿನಲ್ಲಿ ಆ ವರ್ಷದ ಕೊನೆಯ ಆಟ. ಎದುರಿಗೆ ಕೊಕುರಾದ ತಂಡ. ಗೆದ್ದವರಿಗೆ ಮೂರನೆಯ ಸ್ಥಾನ, ಮುಂದಿನ ಸುತ್ತು. ಸೋತವರಿಗೆ ಏನೂ ಇಲ್ಲ. ಸೆಪ್ಟೆಂಬರ್ ಮುಗಿಯುತ್ತಿದ್ದರೂ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು.

ಒಂಬತ್ತು ಇನಿಂಗ್ಸಿನ ಆಟದ ಎರಡನೆಯದರಲ್ಲಿ ಮೊದಲ ಸಲ ಅದು ನಡೆಯಿತು. ಕುರೊಸೆಗಿಂತ ಮುಂಚೆ ಬಂದ ಆಟಗಾರರಿಗೆಲ್ಲ ಅವರವರ ಹಾಡು ಸಿಕ್ಕಿತ್ತು. ಬಲಬದಿಯ ಗ್ಯಾಲರಿಯೇ ಎದ್ದು ಕುಣಿದಿತ್ತು. ಧ್ವನಿವರ್ಧಕದಲ್ಲಿ ಕುರೊಸೆಯ ಹೆಸರು ಕೇಳಿಬಂದದ್ದೇ ತಡ, ಒನುಮಾ ಗ್ಯಾಲರಿಯ ಮುಂದಿನ ಕಟ್ಟೆಯ ಮೇಲೆ ನಿಂತು ಎರಡೂ ಕೈಗಳನ್ನು ತಲೆಯ ಮೇಲೆತ್ತಿ, ನಿಲ್ಲಿಸಿ ಎನ್ನುವಂತೆ ಅಡ್ಡ ಕಟ್ಟಿದ. ಅವನ ಸನ್ನೆಗೇ ಕೂಗಿ ರೂಢಿಯಾಗಿದ್ದ ಸಾವಿರಾರು ಜನ ಒಮ್ಮೆಗೇ ಸುಮ್ಮನಾದರು.

ಹತ್ಸುಮಿ ಇಷ್ಟು ವರ್ಷಗಳಲ್ಲಿ ಆ ಜಾಗದಲ್ಲಿ ಎಂದೂ ಕೇಳದ ಸದ್ದುಗಳನ್ನು ಕೇಳಿದಳು. ಹೊರಗಿನ ರಸ್ತೆಯಲ್ಲಿ ಟ್ರಾಮಿನ ಗಂಟೆ. ಬಿಯರ್ ಮಾರುವ ಹುಡುಗಿ ಅರ್ಧ ಕೂಗಿ ಗಾಬರಿಯಿಂದ ನಿಲ್ಲಿಸಿದ ಕೂಗು. ಚೆಂಡು ಚರ್ಮದ ಗವಸಿಗೆ ಬಡಿದ ಠಪ್ಪೆನ್ನುವ ಏಟು. ಎಡಬದಿಯ ಕೊಕುರಾದ ಮಂದಿಗೆ ಮೊದಲು ಏನಾಯಿತೆಂದೇ ತಿಳಿಯಲಿಲ್ಲ. ಆಮೇಲೆ ಒಬ್ಬ ಗಟ್ಟಿಯಾಗಿ ಕೂಗಿದ: "ಏನ್ರಪ್ಪಾ, ನಿಮ್ಮ ಮನೇಲಿ ಯಾರಾದ್ರೂ ಹೋಗ್ಬಿಟ್ರಾ?" ಅವರ ಕಡೆ ನಗೆಯ ಅಲೆ ಎದ್ದಿತು.

ಕುರೊಸೆ ತಲೆ ಎತ್ತಿ ಬಲಗಡೆ ನೋಡಿದ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಯಾರೋ ಕರೆದರೇನೋ ಎಂಬಂತೆ. ಮೂರು ಚೆಂಡುಗಳಿಗೂ ಬೀಸಿದ, ಮೂರೂ ತಪ್ಪಿದವು. ಔಟಾಗಿ, ತಲೆ ತಗ್ಗಿಸಿ ಹೊರಟ.

"ಆಯ್ತಾ? ಸರಿಯಾಗಿ ಆಯ್ತು," ಎಂದಳು ಹತ್ಸುಮಿ. ಎದೆಗೆ ತಂಪಾದಂತೆನಿಸಿತು, ಸುಳ್ಳಲ್ಲ.

ನಾಲ್ಕನೆಯ ಇನಿಂಗ್ಸಿನಲ್ಲಿ ಕೊಕುರಾದವನೊಬ್ಬ ನೆಲಕ್ಕೆ ಸವರಿಕೊಂಡು ಹೋಗುವಂತೆ ಹೊಡೆದ ಚೆಂಡಿಗೆ ಕುರೊಸೆ ಅಡ್ಡ ಬಿದ್ದು ಹಿಡಿದು, ಮೊಣಕಾಲ ಮೇಲಿಂದಲೇ ಎಸೆದ. ಈ ಸಲ ಎಸೆತ ನೂಲು ಹಿಡಿದಂತೆ ಹೋಯಿತು. ಚಿಹಾರು ಎರಡು ಚಪ್ಪಾಳೆ ತಟ್ಟಿಯೂ ಬಿಟ್ಟಳು. ಒನುಮಾ ತಿರುಗಿ ನೋಡಿದ. ಅವಳು ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡಳು.

"ಫೀಲ್ಡಿಂಗ್‌ಗೆ ತಟ್ಟಬಾರದು ಅಂತ ಏನೂ ಹೇಳಿರ್ಲಿಲ್ಲ," ಎಂದು ಗೊಣಗಿದಳು.

ಐದನೆಯದರಲ್ಲಿ ಕುರೊಸೆ ಮತ್ತೆ ಬ್ಯಾಟಿಗೆ ಬಂದ. ಮತ್ತೆ ಅಡ್ಡ ಕಟ್ಟಿದ ಕೈ, ಮತ್ತೆ ಆ ಮೌನ. ಈ ಸಲ ಕೊಕುರಾದವರೂ ನಗಲಿಲ್ಲ. ದೊಡ್ಡ ಪರದೆಯ ಮೇಲೆ ಹುಡುಗನ ಮುಖ ಬಂತು. ಗಲ್ಲದ ಮೇಲೆ ಮಣ್ಣು. ಬ್ಯಾಟಿನ ತುದಿಯಿಂದ ಶೂಗಳನ್ನು ತಟ್ಟುತ್ತಿದ್ದ: ಮೂರು ಸಲ ಬೇಗಬೇಗ, ತಡೆದು ಒಂದು ಸಲ. ಮೂರು ಸಲ, ಒಂದು ಸಲ. ತುಟಿಗಳು ಅಲುಗುತ್ತಿದ್ದವು.

ಹತ್ಸುಮಿ ಪರದೆಯಿಂದ ಕಣ್ಣು ಕೀಳಲಿಲ್ಲ.

"ಅಕ್ಕ," ಚಿಹಾರು ಅವಳ ತೋಳು ಹಿಡಿದಳು, "ಅವ್ನು ತಾನೇ ಹಾಡ್ಕೊಳ್ತಿದ್ದಾನೆ. ನಿಮ್ಮ ಹಾಡು."

"ಸುಮ್ನಿರು. ಚೂಯಿಂಗ್ ಗಮ್ ಇರ್ಬೇಕು."

"ಗಮ್ ಅಲ್ಲ. ನೋಡಿ, ಬೀಸು, ಬೀಸು..."

"ಬಾಯಿ ಮುಚ್ಚು ಅಂದೆ!"

ಕುರೊಸೆ ಹೊಡೆದ ಚೆಂಡು ಎದುರಾಳಿಯ ಕೈಗೇ ಉರುಳಿತು. ಆದರೂ ಪ್ರಾಣ ಹೋಗುವವನಂತೆ ಓಡಿ, ಬೇಸಿನ ಮೇಲೆ ತಲೆ ಮುಂದಾಗಿ ಬಿದ್ದ. ಔಟ್. ಎದ್ದು ಎದೆಯ ಮಣ್ಣನ್ನೂ ಕೊಡವಿಕೊಳ್ಳದೆ ಹೋದ. ಒಂದು 'ಅಯ್ಯೋ' ಕೂಡ ಯಾರ ಬಾಯಿಂದಲೂ ಬರಲಿಲ್ಲ.

ಹತ್ಸುಮಿ ತುತ್ತೂರಿಯನ್ನು ಚಿಹಾರುವಿನ ಕೈಗೆ ಕೊಟ್ಟು ಕಟ್ಟೆಯ ಹತ್ತಿರ ಹೋದಳು.

"ಒನುಮಾ, ಸಾಕು. ಎರಡು ಸಲ ಆಯ್ತಲ್ಲ, ಬುದ್ಧಿ ಬಂದಿರುತ್ತೆ."

ಒನುಮಾ ನೀರಿನ ಬಾಟಲಿಯನ್ನು ಬಾಯಿಂದ ತೆಗೆದ. ಊರಿಗೆಲ್ಲ ಗ್ಯಾಸ್ ಸಿಲಿಂಡರ್ ಹೊತ್ತು ಹಾಕುವವನ ಭುಜಗಳು ಅವನವು. ಗುಂಪನ್ನು ಅವನೂ ಹತ್ಸುಮಿಯೂ ಸೇರಿ ಶುರುಮಾಡಿದ್ದರು, ಇಬ್ಬರ ತಲೆಯೂ ಕಪ್ಪಗಿದ್ದಾಗ. "ತಾಕೆಮೊರಿ ಅಲ್ಲಿ ಬೆಂಚ್ ಮೇಲೆ ಕೂತಿದ್ದಾನೆ," ಎಂದ. "ನಮಗೋಸ್ಕರ ಮೊಣಕಾಲು ಎರಡೂ ಸವೆಸಿಕೊಂಡವನು. ಅವನ ಜಾಗ ಕಿತ್ತು ಈ ಮೀಸೆ ಮೂಡದವನಿಗೆ ಕೊಟ್ರು. ಇವನು ಅದನ್ನ ಇಟ್ಕೊಳ್ಳೋದು ಹೀಗಾ?"

"ಕಿತ್ತಿದ್ದು ಹುಡುಗ ಅಲ್ವಲ್ಲ. ಮ್ಯಾನೇಜರು."

"ಮ್ಯಾನೇಜರಿಗೆ ನಾವು ಹಾಡೇ ಹಾಡಲ್ಲ, ನಿಲ್ಲಿಸೋದೇನನ್ನ?"

"ಅವನು ಅಲ್ಲಿ ಒಬ್ನೇ ಹಾಡ್ಕೊಳ್ತಿದ್ದಾನೆ ಕಣೋ. ಪರದೇಲಿ ನೋಡ್ಲಿಲ್ವಾ?"

"ನೋಡ್ದೆ." ಒನುಮಾ ಅವಳ ಮುಖ ಬಿಟ್ಟು ಮೈದಾನದ ಕಡೆ ತಿರುಗಿದ. "ಬೆಳಿಗ್ಗೆ ಕೈ ಎತ್ತಿದ್ದೆಯೋ ಇಲ್ವೋ?"

"ಎತ್ತಿದ್ದೆ."

"ಹಂಗಾದ್ರೆ ಮಧ್ಯದಲ್ಲಿ ಇಳಿಸ್ಬೇಡ. ನಾನು ಹೇಳಿದ್ದು ಒಬ್ಬರು ಮೀರಿದ್ರೆ ನಾಳೆ ಹತ್ತು ಜನ ಮೀರ್ತಾರೆ. ಆಮೇಲೆ ಇದು ಗುಂಪಲ್ಲ, ಸಂತೆ. ನೀನೇ ಊದಿದ್ರೂ ಪಟ್ಟಿ ಬಿಚ್ಚಿಸ್ತೀನಿ, ಹೇಳಿದ್ದೀನಿ."

ಅವನ ಮಾತಿನಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಹಿಂದಿರುಗಿ ತುತ್ತೂರಿ ಇಸಿದುಕೊಂಡಳು. ಅದರ ಹಿತ್ತಾಳೆ ಬಿಸಿಲಿಗೆ ಕಾದು ಅಂಗೈ ಚುರುಗುಟ್ಟಿತು.

ಏಳನೆಯದರಲ್ಲಿ ಕುರೊಸೆ ಮತ್ತೆ ಬಂದು, ಅದೇ ಮೌನದಲ್ಲಿ ಔಟಾಗಿ ಹೋದ. ಕೊನೆಯ, ಒಂಬತ್ತನೆಯ ಇನಿಂಗ್ಸಿಗೆ ಬಂದಾಗ ಶಿರಾಸಗಿ ಒಂದು ರನ್ನಿನಿಂದ ಹಿಂದಿತ್ತು. ಮೊದಲ ಇಬ್ಬರು ಔಟಾದರು; ಇನ್ನೊಬ್ಬ ಔಟಾದರೆ ಆಟ ಮುಗಿದಂತೆ. ಮೂರನೆಯವನು ಗೋಡೆಗೆ ತಾಗುವಂತೆ ಹೊಡೆದು ಎರಡನೇ ಬೇಸು ತಲುಪಿದ. ಬಲಬದಿಯ ಗ್ಯಾಲರಿ ಹುಚ್ಚೆದ್ದಿತು; ಊದಿ ಊದಿ ಹತ್ಸುಮಿಗೆ ಕಣ್ಣು ಕತ್ತಲೆ ಬಂತು. ಆಮೇಲೆ ಎಲ್ಲರಿಗೂ ಒಮ್ಮೆಗೇ ನೆನಪಾಯಿತು, ಮುಂದಿನವನು ಕುರೊಸೆ.

"ತಾಕೆಮೊರಿ! ತಾಕೆಮೊರಿನ ಕಳ್ಸಿ!" ಜನ ಬೆಂಚಿನ ಕಡೆ ಕೂಗಿದರು. ಬದಲಿ ಆಟಗಾರನನ್ನು ಕಳಿಸಲು ಇನ್ನೂ ಹೊತ್ತಿತ್ತು. ಮ್ಯಾನೇಜರು ಕೈಕಟ್ಟಿ ನಿಂತೇ ಇದ್ದ. ಕುರೊಸೆ ಒಬ್ಬನೇ ನಡೆದು ಬಂದ. ಒನುಮಾನ ಕೈಗಳು ಮೇಲೆದ್ದವು.

ಈ ಸಲದ ಮೌನ ಮೊದಲಿನದಲ್ಲ. ಇದರಲ್ಲಿ ಅರ್ಧ ಜನಕ್ಕೆ ಕೂಗಬೇಕೆನಿಸುತ್ತಿತ್ತು, ಕೂಗುವ ಧೈರ್ಯವಿರಲಿಲ್ಲ. ಮೊದಲ ಚೆಂಡು. ಕುರೊಸೆ ನೋಡುತ್ತ ನಿಂತ. ಸ್ಟ್ರೈಕ್; ಇಂಥವು ಮೂರಾದರೆ ಔಟ್. ಹಿಂದೆ ಸರಿದು ಶೂ ತಟ್ಟಿಕೊಂಡ. ಪರದೆಯಲ್ಲಿ ಈಗ ತುಟಿ ಅಲುಗುತ್ತಿರಲಿಲ್ಲ. ಬಾಯಿ ಸುಮ್ಮನೆ ತೆರೆದುಕೊಂಡಿತ್ತು, ಓಡಿ ದಣಿದ ನಾಯಿಯ ಹಾಗೆ.

ಹತ್ಸುಮಿ ತನ್ನ ಸೀಟಿನ ಮೇಲೆ ಹತ್ತಿದಳು.

ತುಟಿ ಒಣಗಿತ್ತು. ಮೊದಲ ಮೂರು ಸ್ವರ ಬಂದವು. ಉದ್ದ ಸ್ವರ ಒಡೆದು, ಕುತ್ತಿಗೆ ಹಿಚುಕಿದ ಕೋಳಿಯಂತೆ ಕಿರುಚಿತು. ಇಡೀ ಕ್ರೀಡಾಂಗಣಕ್ಕೆ ಕೇಳುವಂತೆ ಒಡೆಯಿತು. ಯಾರೋ ನಕ್ಕರು. "ಇಳೀರಿ ಕೆಳಗೆ!" "ಯಾರ್ರೀ ಅದು, ತಲೆ ಕೆಟ್ಟಿದ್ಯಾ?" ಹಿಂದಿನಿಂದ ಒಂದು ಕೈ ಅಂಗಿಯ ಅಂಚು ಹಿಡಿದು ಜಗ್ಗಿತು. ಅವಳು ತುಟಿ ಸವರಿಕೊಂಡು ಮತ್ತೆ ಮೊದಲಿಂದ ಊದಿದಳು. ಈ ಸಲ ಒಡೆಯಲಿಲ್ಲ.

ಕುರೊಸೆ ತಿರುಗಿ ನೋಡಲಿಲ್ಲ. ಆದರೆ ಅವನ ಭುಜಗಳು ಒಂದಿಷ್ಟು ಕೆಳಗಿಳಿದದ್ದನ್ನು ಅಷ್ಟು ದೂರದಿಂದಲೂ ಹತ್ಸುಮಿ ಕಂಡಳು, ಅಥವಾ ಕಂಡೆನೆಂದುಕೊಂಡಳು. ಎರಡನೇ ಚೆಂಡು ಹೊರಗೆ, ಬಿಟ್ಟ. ಮೂರನೆಯದು ಬ್ಯಾಟಿಗೆ ತಾಗಿ ಹಿಂದೆ ಹಾರಿತು. ಪಕ್ಕದಲ್ಲಿ ಇನ್ನೊಂದು ತುತ್ತೂರಿ ಶುರುವಾಯಿತು, ಅಪಸ್ವರದಲ್ಲಿ. ಚಿಹಾರು ಕಣ್ಣು ಮುಚ್ಚಿಕೊಂಡು ಊದುತ್ತಿದ್ದಳು. ಎಲ್ಲಿಂದಲೋ ಒಂದು ಮುದಿ ದನಿ ಹಾಡಿಗೆ ಬಾಯಿ ಕೊಟ್ಟಿತು, ಆಮೇಲೆ ಒಂದು ಸಾಲು, ಆಮೇಲೆ ಇನ್ನೊಂದು. ಎಲ್ಲರೂ ಅಲ್ಲ. ಎಷ್ಟೋ ಜನ ಹಲ್ಲು ಕಚ್ಚಿ ಕೂತೇ ಇದ್ದರು. ಡೋಲಿನವನು ಕೋಲು ಎತ್ತಲಿಲ್ಲ. ಒನುಮಾ ಕಟ್ಟೆಯ ಮೇಲೆ ಅಡ್ಡ ಕಟ್ಟಿದ ಕೈಗಳನ್ನು ಹಾಗೇ ಹಿಡಿದಿದ್ದ.

ಮುಂದಿನ ಚೆಂಡಿಗೆ ಬ್ಯಾಟು ಸರಿಯಾಗಿ ತಾಗಿತು.

ಸದ್ದಿನಲ್ಲೇ ಗೊತ್ತಾಯಿತು. ಚೆಂಡು ಮೇಲೆದ್ದು, ಬಿಸಿಲಲ್ಲಿ ಒಂದು ಗಳಿಗೆ ಕಾಣೆಯಾಗಿ, ಬಲಗಡೆಗೆ, ಅವರ ಕಡೆಗೇ ಬರತೊಡಗಿತು. ಹತ್ಸುಮಿ ಊದುವುದನ್ನು ಮರೆತಳು. ಗ್ಯಾಲರಿ ಎದ್ದು ನಿಂತಿತು. ಒನುಮಾನ ಕೈಗಳು ಬಿಚ್ಚಿಕೊಂಡು ಗಾಳಿಯಲ್ಲಿ ಚಾಚಿದವು. "ಬಾ! ಬಾರೋ! ಬಾ!" ಎಂದು ಆತ ಗಂಟಲು ಹರಿಯುವಂತೆ ಕೂಗುತ್ತಿದ್ದ, ದಾರಿ ತಪ್ಪಿದ ಕರುವನ್ನು ಕರೆಯುವವನಂತೆ.

ಕೊಕುರಾದ ಆಟಗಾರ ಗೋಡೆಗೆ ಬೆನ್ನು ತಾಗುವವರೆಗೂ ಹಿಂದೆ ಓಡಿ, ಜಿಗಿದು, ಗವಸಿನ ತುದಿಯಲ್ಲಿ ಹಿಡಿದ. ಅವರ ಕಾಲ ಕೆಳಗೇ, ಟೋಪಿ ಎಸೆದರೆ ತಾಗುವಷ್ಟು ಹತ್ತಿರದಲ್ಲಿ.

ಎಡಬದಿಯಲ್ಲಿ ಬೊಬ್ಬೆ ಎದ್ದಿತು. ಒನುಮಾ ಚಾಚಿದ ಕೈಗಳನ್ನು ನಿಧಾನ ಕೆಳಗಿಳಿಸಿ ತೊಡೆಗೆ ಒರೆಸಿಕೊಂಡ.

ವರ್ಷದ ಕೊನೆಗೆ ತಂಡ ಗ್ಯಾಲರಿಯ ಎದುರು ಸಾಲಾಗಿ ನಿಂತು ತಲೆ ಬಾಗಿಸುವುದು ವಾಡಿಕೆ. ಬಂದು ನಿಂತರು. "ನಾಚಿಕೆ ಆಗಲ್ವಾ?" "ಕುರೊಸೆ, ದ್ವೀಪಕ್ಕೆ ಹೋಗಿ ಕಿತ್ತಳೆ ಕೀಳೋ!" ಎಲ್ಲರೂ ತಲೆ ಎತ್ತಿದ ಮೇಲೂ ಕುರೊಸೆ ಬಾಗಿಯೇ ಇದ್ದ. ಮೇಲಿನ ಸಾಲಿಂದ ಒಂದು ಪ್ಲಾಸ್ಟಿಕ್ ತುತ್ತೂರಿ ಹಾರಿ ಬಂದು ಅವನ ಹತ್ತಿರ ಬಿದ್ದು ಪುಟಿಯಿತು.

"ಯಾವನವನು ಎಸೆದಿದ್ದು?" ಒನುಮಾ ಗುಡುಗಿದ. ಕಟ್ಟೆಯಿಂದ ಧುಮುಕಿ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. "ಎದ್ದು ನಿಲ್ಲೋ ಗಂಡಸಾದ್ರೆ! ಸುಮ್ಮನಿರೋದು ಬೇರೆ, ಕಲ್ಲು ಹೊಡೆಯೋದು ಬೇರೆ! ಹೋಗು, ಈ ಅಂಗಿ ಬಿಚ್ಚಿಟ್ಟು ಹೋಗು!" ಯಾರೂ ಎದ್ದು ನಿಲ್ಲಲಿಲ್ಲ. ಜನ ಚೀಲ ಎತ್ತಿಕೊಂಡು ಖಾಲಿಯಾಗತೊಡಗಿದರು.

"ನೀವು ಊದಿ ಅವನ ಏಕಾಗ್ರತೆ ಕೆಡಿಸಿದ್ರಿ," ಎಂದ ಡೋಲಿನವನು, ಹತ್ಸುಮಿಯನ್ನು ದಾಟಿ ಹೋಗುತ್ತ. "ಇಲ್ದಿದ್ರೆ ಇನ್ನೊಂದು ಮೊಳ ಹೋಗ್ತಿತ್ತು." ಅವನು ಹೇಳಿದ್ದೇ ನಿಜವಿದ್ದರೂ ಇರಬಹುದು, ಯಾರಿಗೆ ಗೊತ್ತು.

ಒನುಮಾ ಏದುಸಿರು ಬಿಡುತ್ತ ಕೆಳಗಿಳಿದು ಬಂದು ಅವಳೆದುರು ಅಂಗೈ ಚಾಚಿದ. ಹತ್ಸುಮಿ ತೋಳಿನ ಪಿನ್ನು ಬಿಚ್ಚಿ ಪಟ್ಟಿಯನ್ನು ಅವನ ಕೈಯಲ್ಲಿಟ್ಟಳು.

"ನನ್ನದೂ ಬೇಕಾ?" ಚಿಹಾರು ಅಳುಮುಖದಲ್ಲಿ ಕೇಳಿದಳು.

"ನಿನ್ನದು ಊದೋದಾ ಅದು? ಅದಕ್ಕೆಲ್ಲ ಶಿಕ್ಷೆ ಇಲ್ಲ, ಹೋಗು," ಎಂದ ಒನುಮಾ.

ಹತ್ಸುಮಿ ಆ ಚಳಿಗಾಲ ತುತ್ತೂರಿಯನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ. ಬೇಸ್‌ಬಾಲ್ ಎಂದರೆ ಆಕಳಿಸುವ, ಸುಮೊ ಬಿಟ್ಟರೆ ಬೇರೆ ಆಟ ನೋಡದ ಗಂಡ ಸದಾಹಿಕೊ, "ಮನೆ ಎಷ್ಟು ನೆಮ್ಮದಿಯಾಗಿದೆ," ಎಂದು ಒಂದು ದಿನ ಹೇಳಿ, ಅವಳ ಮುಖ ನೋಡಿ, ಮತ್ತೆ ಹೇಳಲಿಲ್ಲ. ತಾಕೆಮೊರಿ ನಿವೃತ್ತನಾಗಿ ತಂಡದಲ್ಲೇ ಹುಡುಗರಿಗೆ ಕಲಿಸಲು ನಿಂತನೆಂದು ಪತ್ರಿಕೆಯಲ್ಲಿ ಬಂತು. ಹತ್ಸುಮಿ ಅದನ್ನು ಓದಿ ಮಡಿಸಿಟ್ಟಳು.

ಡಿಸೆಂಬರಿನಲ್ಲಿ ಅಂಗಡಿಯ ಮುಂದೆ ಗ್ಯಾಸ್ ಲಾರಿ ಬಂದು ನಿಂತಿತು. ಒನುಮಾ ಎರಡು ದಪ್ಪ ಹಾಸಿಗೆಗಳನ್ನು ಹೊತ್ತು ತಂದು ಮೇಜಿನ ಮೇಲೆ ಧೊಪ್ಪನೆ ಹಾಕಿದ.

"ಹೊಸ ವರ್ಷಕ್ಕೆ ಮುಂಚೆ ಬೇಕು."

"ಎಲ್ರಿಗೂ ಹೊಸ ವರ್ಷಕ್ಕೆ ಮುಂಚೆಯೇ ಬೇಕು."

ಅವನು ಹೋಗಲಿಲ್ಲ. ಕ್ಯಾಲೆಂಡರ್ ನೋಡಿದ, ತಿರುಗುವ ಯಂತ್ರ ನೋಡಿದ. "ಸಭೆ ಆಯ್ತು," ಎಂದ ಕೊನೆಗೆ. "ಬರೋ ವರ್ಷ ಪೂರ್ತಿ ನಿನಗೆ ಪಟ್ಟಿ ಇಲ್ಲ."

"ನೀನು ಯಾವ ಕಡೆ ಕೈ ಎತ್ತಿದೆ?"

"ನಿನಗೆ ಕೊಡಬಾರದು ಅನ್ನೋ ಕಡೆ."

"ಗೊತ್ತಿತ್ತು."

"ಮೊದಲ ತುತ್ತೂರಿ ಇನ್ಮೇಲೆ ಚಿಹಾರು. ಆ ಹುಡುಗಿ ಊದೋದು ಕೇಳಿದ್ರೆ ನಮ್ಮ ಎಸೆತಗಾರನ ಕೈಯಿಂದ ಚೆಂಡೇ ಜಾರುತ್ತೆ. ಗುರುವಾರ ಸಂಜೆ ಅಭ್ಯಾಸ, ನದಿ ದಂಡೇಲಿ. ದಂಡೇಲಿ ಊದೋಕೆ ಯಾರ ಪಟ್ಟಿನೂ ಬೇಡ." ಅವನು ಮೂಗೊರೆಸಿಕೊಂಡ. "ಬರ್ತೀಯೋ ಬಿಡ್ತೀಯೋ, ನಿನಗೆ ಬಿಟ್ಟಿದ್ದು. ಕುರೊಸೆನ ಬ್ಯಾಟಿಂಗಲ್ಲಿ ಮತ್ತೆ ಏಳನೇ ಜಾಗದಲ್ಲೇ ಆಡಿಸ್ತಾರಂತೆ."

"ಏಳನೇದಾ? ಅಷ್ಟು ಜೋರಾಗಿ ಓಡೋ ಕಾಲು ಇಟ್ಕೊಂಡು ಏಳನೇದಾ? ಅವನು ಮೊದಲು ಬರ್ಬೇಕು. ಇಲ್ಲ, ಎರಡನೇದು."

"ತಲೆ ಕೆಟ್ಟಿದ್ಯಾ ನಿನಗೆ? ಮೂರು ಚೆಂಡಿಗೆ ಮೂರು ಸಲ ಗಾಳಿ ಬೀಸೋನನ್ನ ಎರಡನೇದರಲ್ಲಾ?"

"ಆ ದಿನ ನೀನು ಕೈ ಕಟ್ಕೊಂಡು ನಿಂತಿರದಿದ್ರೆ..."

"ಅದನ್ನ ಎತ್ತಬೇಡ!"

"ಎತ್ತೇ ಎತ್ತುತ್ತೀನಿ! ಬಾರೋ ಬಾರೋ ಅಂತ ಕಿರುಚಿದ್ದು ಯಾರು? ಊರೇ ನೋಡಿದೆ!"

ಒನುಮಾನ ಕಿವಿ ಕೆಂಪಾಯಿತು. ಬಾಯಿ ತೆರೆದ, ಮುಚ್ಚಿದ, ಮೇಜಿನ ಮೇಲೆ ಎರಡೂ ಕೈಯೂರಿ ಮತ್ತೆ ತೆರೆದ. ಹೊರಗೆ ಲಾರಿಯ ಹಿಂದೆ ಯಾರೋ ಹಾರ್ನ್ ಮಾಡುತ್ತಿದ್ದರು. ಅವರಿಬ್ಬರಿಗೂ ಅದು ಕೇಳಿಸಲಿಲ್ಲ. ಕೊನೆಗೆ ಸದಾಹಿಕೊನೇ ಒಳಗಿಂದ ಚಪ್ಪಲಿ ಎಳೆದುಕೊಂಡು ಬಂದು, ಮೇಜಿನ ಮೇಲಿದ್ದ ಒನುಮಾನ ಗಾಡಿ ಕೀ ತೆಗೆದುಕೊಂಡು, ಲಾರಿಯನ್ನು ಪಕ್ಕಕ್ಕೆ ಹಾಕಲು ಹೋದ.