ಟಕ್ ಬಂದ್ಮೇಲೆ ಶುರು ಮಾಡಿ

ಗಯಾಜ್ ಅಂಕಲ್ ಹೇಳಿದ್ದು ಇಷ್ಟೇ. ರಿಮ್ಶಾ ನಿಕಾಹ್ ಟೈಮಲ್ಲಿ ಸ್ಪೀಕರಿಂದ ಒಂದೇ ಒಂದು ಟಕ್ ಬಂದ್ರೂ ನಿಮ್ಮ ಡಬ್ಬ ಗೋಡೌನ್‌ಗೆ, ಸಾಮಿಯಾ ಬಿ.ಎಡ್‌ಗೆ.

ಸಾಮಿಯಾ ನನ್ನ ಜೊತೆ ಡಿಪ್ಲೊಮಾ ಓದಿದವಳು. ರಿಮ್ಶಾ ಅವಳಕ್ಕ, ಗಯಾಜ್ ಅಂಕಲ್ ಅವಳಪ್ಪ, ಶಿವಾಜಿನಗರದಲ್ಲಿ ಮದುವೆ ಲೈಟಿಂಗ್ ಮಾಡ್ತಾರೆ. ನಾನು ಜಯಮಾಲಾ, ಲಿಂಗಸೂಗೂರು ಕಡೆಯವಳು, ಕಗ್ಗದಾಸಪುರದಲ್ಲಿ ರೂಮು, ಕೆ.ಆರ್. ಪುರದ ಒಂದು ಯುಪಿಎಸ್ ಫ್ಯಾಕ್ಟರೀಲಿ ಟೆಸ್ಟಿಂಗ್ ಕೆಲಸ. ಸಾಮಿಯಾಗೆ ಅಪ್ಪನ ಲೈಟಿಂಗ್ ಕೆಲಸಾನೇ ಬೇಕು. ಬಿ.ಎಡ್ ಅಂದ್ರೆ ಅವಳಿಗೆ ಹಲ್ಲುನೋವು ಬಂದಂಗಾಗತ್ತೆ.

ಅಂಕಲ್ ಹತ್ರ ಒಂದು ಮರದ ಡ್ರಮ್ ಇದೆ. ಮೈತುಂಬ ಹಿತ್ತಾಳೆ ಪಟ್ಟಿ. ಡ್ರಮ್ ತಿರುಗ್ತಾ ಪಟ್ಟಿ ತಾಗಿದ್ರೆ ಒಂದು ಸಾಲು ಸೀರಿಯಲ್ ಸೆಟ್ ಹತ್ಕೊಳತ್ತೆ, ಬಿಟ್ರೆ ಆರತ್ತೆ, ಪ್ರತಿ ಸಲ ಒಂದು ಕಿಡಿ, ಪ್ರತಿ ಸಲ ಸ್ಪೀಕರಲ್ಲಿ ಟಕ್. ಕಂಟೋನ್ಮೆಂಟಿನ ಅರ್ಧ ಮದುವೆಗಳು ಈ ಟಕ್ ಜೊತೆಗೇ ಆಗಿವೆ. ನಾವು ಮಾಡಿದ ಡಬ್ಬದಲ್ಲಿ ಪಟ್ಟಿ ಬದಲು ಮಾಸ್‌ಫೆಟ್, ಅಂದ್ರೆ ತಾಗದೇ ಕೆಲಸ ಮಾಡೋ ಎಲೆಕ್ಟ್ರಾನಿಕ್ ಸ್ವಿಚ್. ಟಕ್ ಬರಲ್ಲ ಅಂತ ಸಾಮಿಯಾ ಮನೇಲಿ ಊಟಕ್ಕೆ ಕೂತಾಗ ಹೇಳ್ಬಿಟ್ಟಿದ್ಲು, ಅಲ್ಲಿಂದ ಶುರುವಾಗಿದ್ದು.

"ಬೇಟಾ, ಟಕ್ ಬರೋದೇ ಆದ್ರೆ ನನ್ನ ಡ್ರಮ್ ಏನ್ ಪಾಪ ಮಾಡಿದೆ?" ಅಂದ್ರು ಅಂಕಲ್.

ನಮ್ಮ ಐಡಿಯಾ ಸಿಂಪಲ್. ಗೋಡೆ ಪ್ಲಗ್ಗಿನ ಕರೆಂಟು ಅಲೆ ಥರ ಮೇಲೆ ಕೆಳಗೆ ಆಡ್ತಾ ಸೆಕೆಂಡಿಗೆ ನೂರು ಸಲ ಸೊನ್ನೆ ದಾಟತ್ತೆ. ಸರಿಯಾಗಿ ಆ ಸೊನ್ನೇಲಿ ಸ್ವಿಚ್ ಬಿಟ್ರೆ ಕಿಡಿ ಇಲ್ಲ, ಟಕ್ ಇಲ್ಲ. ಸಿಗ್ನಲಲ್ಲಿ ನಿಂತ ಬಸ್ಸಿಂದ ಇಳಿಯೋದಕ್ಕೂ ಓಡ್ತಿರೋ ಬಸ್ಸಿಂದ ಹಾರೋದಕ್ಕೂ ಇರೋ ವ್ಯತ್ಯಾಸ ಅಷ್ಟೇ. ಇನ್ನೊಂದು, ಸ್ವಿಚ್ಚನ್ನ ನಾವು ಮೇಲೆ, ಕರೆಂಟ್ ಬರೋ ಫೇಸ್ ವೈರ್ ಕಡೆ ಇಟ್ವಿ. ಸೀರಿಯಲ್ ಸೆಟ್ಟನ್ನ ಮದುವೆ ಮಕ್ಕಳು ಜಗ್ದೇ ಬಿಡಲ್ಲ, ಆಫ್ ಆಗಿದ್ದಾಗ ವೈರಲ್ಲಿ ಕರೆಂಟ್ ಇರಬಾರದು.

ಮದುವೆ ಮಧ್ಯಾಹ್ನ ಹಾಲಲ್ಲಿ ಟೆಸ್ಟ್ ಮಾಡಿದ್ವಿ. ಬಲ್ಬು, ನಿಶ್ಶಬ್ದ. ಬಾಗಿಲ ಕಮಾನು, ನಿಶ್ಶಬ್ದ. ಗುಲಾಬಿ ನೀರಿನ ಕಾರಂಜಿ, ಟಕ್.

ಸಾಮಿಯಾ ಕಸಿನ್ ಓವೈಸ್ ಸೌಂಡ್ ನೋಡ್ಕೋತಾನೆ. ಅವನು ಮಿಕ್ಸರ್ ಹಿಂದಿನಿಂದ ಹೆಬ್ಬೆಟ್ಟು ತೋರಿಸಿ "ಸೂಪರ್, ಮೈಕ್ ಆನ್ ಇದೆ" ಅಂದ.

"ನಾವು ಮೈಕ್ ಟೆಸ್ಟ್ ಮಾಡ್ತಿಲ್ಲ ಕಣೋ."

"ನಂದು ಮುಗೀತು ಮತ್ತೆ," ಅಂದು ಟೀಗೆ ಹೋದ.

ಸಾಮಿಯಾ ಕಾರಂಜೀನ ಮತ್ತೆ ಆಫ್ ಮಾಡಿದ್ಲು. ಟಕ್. "ಲೇ ಜಯಾ, ಬಿ.ಎಡ್ ಫಾರ್ಮ್ ಆನ್‌ಲೈನಾ?"

"ತಡಿ ಮಗಾ."

ಕಾರಂಜಿಗೆ ಪಂಪ್ ಇದೆ, ಪಂಪಲ್ಲಿ ಮೋಟರ್ ಇದೆ, ನನ್ನ ತಲೇಲಿ ಅದು ಇರ್ಲಿಲ್ಲ. ಬಲ್ಬಲ್ಲಿ ವೋಲ್ಟೇಜು ಕರೆಂಟು ಕೈ ಹಿಡ್ಕೊಂಡು ಬರ್ತಾವೆ. ಮೋಟರಲ್ಲಿ ವೋಲ್ಟೇಜ್ ಮೊದಲು, ಕರೆಂಟು ಆಮೇಲೆ, ಪಾರ್ಕಿಂಗ್ ಸಿಗದ ಗಂಡಿನ ಕಡೆಯವರ ಥರ. ನಾನು ಗೋಡೆ ವೋಲ್ಟೇಜ್ ಸೊನ್ನೆ ನೋಡಿ ಸ್ವಿಚ್ ಬಿಡ್ತಿದ್ದೆ. ಅಷ್ಟೊತ್ತಿಗೆ ಪಂಪಿನ ಕರೆಂಟು ಇನ್ನೂ ಜೋರಾಗಿ ಹರೀತಿರತ್ತೆ, ಅದನ್ನ ಅರ್ಧಕ್ಕೆ ಕಡಿದ್ರೆ ಟಕ್ ಅನ್ನದೆ ಇನ್ನೇನ್ ಅನ್ನತ್ತೆ.

"ಹಂಗಾದ್ರೆ ಗೋಡೇನ ಕೇಳ್ಬಾರ್ದು," ಅಂದ್ಲು ಸಾಮಿಯಾ. "ಸ್ವಿಚ್ಚನ್ನೇ ಕೇಳ್ಬೇಕು."

ಸರಿಯಾದ ಮಾತು. ಆನ್ ಇರೋ ಸ್ವಿಚ್ಚಿನ ಎರಡು ಕಾಲಿನ ಮಧ್ಯೆ ಸಣ್ಣದೊಂದು ವೋಲ್ಟೇಜ್ ಇರತ್ತೆ, ಅದು ಕರೆಂಟಿನ ಜೊತೆಜೊತೆಗೇ ಏರಿಳಿಯತ್ತೆ. ಅದು ಸೊನ್ನೆಯಾದ್ರೆ ಕರೆಂಟೂ ಸೊನ್ನೆ. ಕಷ್ಟ ಏನಂದ್ರೆ ಅದೇ ಸ್ವಿಚ್ ಆಫ್ ಆದಾಗ ಅದೇ ಎರಡು ಕಾಲಿನ ಮಧ್ಯೆ ಇನ್ನೂರ ಮೂವತ್ತು ವೋಲ್ಟ್ ಬಂದು ನಿಲ್ಲತ್ತೆ, ಆ ಸಣ್ಣ ವೋಲ್ಟೇಜನ್ನ ಇಣುಕಿ ನೋಡೋ ಚಿಪ್ ಸತ್ತೇ ಹೋಗತ್ತೆ. ಅದಕ್ಕೆ ಮುಂದೆ ಒಂದು ದಪ್ಪ ರೆಸಿಸ್ಟರ್, ಎರಡು ಡಯೋಡ್ ಕಾವಲು ಹಾಕಿದೆ. ಮೇಲೆ ಫೇಸ್ ಜೊತೆ ಕೂತಿರೋ ಚಿಪ್ಪಿಗೆ ಊಟಾನೂ, ಅಂದ್ರೆ ಪವರ್ರೂ, ಬೇರೆ ಕೊಡ್ಬೇಕು, ಉಳಿದ ಸರ್ಕ್ಯೂಟಿನ ಗ್ರೌಂಡ್ ಅದಕ್ಕಾಗಲ್ಲ. ಅದಕ್ಕೆ ಓವೈಸ್ ಫೋನ್ ಚಾರ್ಜರ್ ಬಿಚ್ಕೊಂಡ್ವಿ. ಅವನು ಟೀ ಕುಡ್ದು ಬಂದು ನೋಡ್ದ.

"ನನ್ ಚಾರ್ಜರ್?"

"ಮುಟ್ಬೇಡ, ಶಾಕ್ ಹೊಡಿಯತ್ತೆ."

"ನನ್ ಚಾರ್ಜರ್ ನನಗೇ ಶಾಕ್ ಹೊಡಿಯತ್ತಾ?"

"ಈಗ ಹೊಡಿಯತ್ತೆ."

ಕಾರಂಜಿ ಆನ್, ಆಫ್. ನಿಶ್ಶಬ್ದ. ಮತ್ತೆ, ನಿಶ್ಶಬ್ದ. ಆದ್ರೂ ಹೊಸದು ಕೈಕೊಟ್ರೆ ಅಂತ ಹಳೇ ವೈರನ್ನ ಕೀಳದೆ ಒಂದು ಸಣ್ಣ ಸ್ವಿಚ್ ಇಟ್ಟೆ, ಈ ಕಡೆ ಒತ್ತಿದ್ರೆ ಹೊಸದು, ಆ ಕಡೆ ಒತ್ತಿದ್ರೆ ಹಳೇದು.

ಸಾಯಂಕಾಲದ ಅಸರ್ ನಮಾಜ್ ಮುಗಿಸಿ ಎಲ್ಲರೂ ಬಂದು ಕೂತ್ರು. ಗಂಡಸರು ಈ ಕಡೆ, ಹೆಂಗಸರು ಪರದೆ ಆ ಕಡೆ, ಪರದೆ ತುದೀಲಿ ಡಬ್ಬದ ಹತ್ರ ನಾವಿಬ್ರು. ರಿಮ್ಶಾ ಒಳಗೆ ಒಪ್ಪಿಗೆ ಕೊಟ್ಟು ಆಗಿತ್ತು. ಲೈಟು ಓಡ್ತಿದೆ, ಕಾರಂಜಿ ಏಳ್ತಿದೆ, ಬೀಳ್ತಿದೆ, ಸ್ಪೀಕರಲ್ಲಿ ಏನೂ ಇಲ್ಲ. ಸಾಮಿಯಾ ನನ್ನ ಕೈ ಹಿಂಡಿದ್ಲು.

ನಿಕಾಹ್ ಓದೋ ಖಾಜಿ ಸಾಹೇಬ್ರು ಮೈಕ್ ಮುಂದೆ ಕೂತ್ರು. ಕೂತೇ ಇದ್ರು.

ಮದುಮಗ ಮುಖಕ್ಕೆ ಇಳಿಬಿಟ್ಟ ಹೂವಿನ ಸೆಹರಾ ಒಳಗಿಂದ ಅವರ ಮುಖ ನೋಡ್ದ. ಅವರು ಸ್ಪೀಕರ್ ಮುಖ ನೋಡಿದ್ರು.

"ಹಜ್ರತ್, ಶುರು ಮಾಡಿ," ಅಂದ ಓವೈಸ್.

"ಟಕ್ ಬಂದಿಲ್ವಲ್ಲ?"

"ಮೈಕ್ ಆನ್ ಇದೆ ಹಜ್ರತ್."

"ಟಕ್ ಬಂದ್ಮೇಲೆ ಶುರು ಮಾಡಿ ಅಂತ ಪ್ರತಿ ಮದುವೇಲಿ ನನಗೆ ಹೇಳೋನು ಯಾರಪ್ಪ?"

ಓವೈಸ್ ಮಿಕ್ಸರ್ ಗುಂಡಿ ತಿರುಗಿಸೋಕೆ ಶುರು ಮಾಡ್ದ. ಅವನೇ ಹೇಳೋದು. ಖಾಜಿಯವರಿಗೆ ಕಿವಿ ಸ್ವಲ್ಪ ಮಂದ. ಹಿಂದೊಂದ್ಸಲ ಮೈಕ್ ಸತ್ತಿದ್ದು ಗೊತ್ತಾಗದೆ ನಿಕಾಹ್ ಓದ್ಬಿಟ್ಟಿದ್ರು, ಪರದೆ ಆ ಕಡೆಯ ಒಬ್ಬ ಅಜ್ಜಿ ನನಗೆ ಕೇಳ್ಸೇ ಇಲ್ಲ ಅಂತ ಬಿರಿಯಾನಿ ಮುಗಿಯೋವರೆಗೂ ಬೈದಿದ್ರಂತೆ. ಅವತ್ತಿಂದ ಟಕ್ ಬಂದ್ರೇನೇ ಸ್ಪೀಕರ್ ಬದುಕಿದೆ ಅಂತ ಲೆಕ್ಕ, ಟಕ್ ಮಾತ್ರ ಅವರಿಗೆ ಚೆನ್ನಾಗಿ ಕೇಳತ್ತೆ.

"ಮೊದಲು ಟಕ್," ಅಂದು ಕೈ ಕಟ್ಕೊಂಡ್ರು.

ಗಯಾಜ್ ಅಂಕಲ್ ಎದ್ದು ಶೇರ್ವಾನಿ ಸರಿ ಮಾಡ್ಕೊಂಡು ನಮ್ಮ ಹತ್ರ ಬಂದು ಬಗ್ಗಿದ್ರು. "ಬೇಟಾ, ಒಂದು ಟಕ್ ಕೊಡಕ್ಕಾಗತ್ತಾ?"

"ಟಕ್ ಬಂದ್ರೆ ಬಿ.ಎಡ್ ಅಂದಿದ್ರಲ್ಲ ಅಬ್ಬಾ," ಅಂದ್ಲು ಸಾಮಿಯಾ.

ಅಂಕಲ್ ಖಾಜಿಯವರನ್ನ ನೋಡಿದ್ರು, ಅಳಿಯನಾಗೋನನ್ನ ನೋಡಿದ್ರು. "ನಾನು ಕೇಳಿದ್ಮೇಲೆ ಬರೋದು ಲೆಕ್ಕಕ್ಕಿಲ್ಲ."

"ಕೇಳ್ದೆ ಒಂದೂ ಬಂದಿಲ್ಲ, ಒಪ್ಕೋತೀರಾ?"

"ಒಪ್ಪಿದೆ."

"ಒಂದೇ ಸಲ ಹೇಳಿದ್ರೆ ಸಾಕಾ?"

"ಅರೇ, ಒಪ್ಪಿದೆ, ಒಪ್ಪಿದೆ, ಒಪ್ಪಿದೆ!"

ಸಾಮಿಯಾ ಸಣ್ಣ ಸ್ವಿಚ್ಚನ್ನ ಹಳೇ ಕಡೆ ಒತ್ತಿ ಕಾರಂಜಿ ನಿಲ್ಲಿಸಿದ್ಲು. ಟಕ್. ಖಾಜಿಯವರು ತಲೆದೂಗಿ ಬಿಸ್ಮಿಲ್ಲಾ ಅಂದ್ರು. ಪರದೆ ಆ ಕಡೆಯಿಂದ ಯಾರೋ "ಹಾಂ, ಈಗ ಬಂತು" ಅಂದ್ರು. ಸಾಮಿಯಾ ಸ್ವಿಚ್ಚನ್ನ ಹೊಸ ಕಡೆಗೆ ಒತ್ತಿದ್ಲು. ಒಪ್ಪಿದೆ ಅನ್ನೋ ಮದುಮಗನ ಕುಬೂಲ್ ಮೂರು ಸಲಾನೂ ಕ್ಲೀನಾಗಿ ಕೇಳಿಸ್ತು.

ಊಟ ಆದ್ಮೇಲೆ ಅಂಕಲ್ ಬಂದು ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತ್ಕೊಂಡು ಆ ಸಣ್ಣ ಸ್ವಿಚ್ಚನ್ನ ಬೆರಳಲ್ಲಿ ಮುಟ್ಟಿ ನೋಡಿದ್ರು.

"ಭಾನುವಾರ ಕಮ್ಮನಹಳ್ಳೀಲಿ ಒಂದು ಮದುವೆ ಇದೆ. ನೀನೇ ಹೋಗು ಸಾಮಿಯಾ, ನಾನು ಮನೇಲಿರ್ತೀನಿ. ಅಲ್ಲೂ ಖಾಜಿ ಇವರೇ." ಎದ್ದು ನಾಲ್ಕು ಹೆಜ್ಜೆ ಹೋಗಿ ತಿರುಗಿದ್ರು. "ಇದು ಬಹಳ ಚಿಕ್ಕದಾಯ್ತು. ಒಂದು ದೊಡ್ಡ ಬಟನ್ ಹಾಕ್ಸು. ಕೆಂಪುದು."